ಅಪ್‌ಡೇಟ್: ಅಮ್ಮನ ತೊಡೆಮೂಳೆಗೆ ನೇಲ್ ಹಾಕಿಸಿದ ಮೇಲೆ

ಮುಂಬೈಯ ಮುಲುಂಡ್‌ನ ಮನೆಯಲ್ಲಿ ಅಮ್ಮ ಜಾರಿಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ, ನೇಲ್ (ಮೂಳೆಯೊಳಗೆ ಇಳಿಸುವ ಲೋಹದ ಸರಳು) ಹಾಕಿಸಿದ ಮೇಲೆ ಎಷ್ಟು ದಿನ ಮಲಗಿರಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಆಪರೇಷನ್ ಚೆನ್ನಾಗಿ ಆಯಿತು. ಮೂಳೆಯ ಪೊಳ್ಳಿನೊಳಗೆ ಲೋಹದ ಸರಳು ಇಳಿಸಿ, ಮೇಲಿನ ಗುಂಡು ಭಾಗಕ್ಕೆ ದಪ್ಪ ಸ್ಕ್ರೂ ಹಾಕಿದ್ದಾರೆ. "ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿ" ಅಂದಿದ್ದಿರಲ್ವಾ, ಡಾಕ್ಟರೂ ಅದನ್ನೇ ಹೇಳಿದರು. ಸುಮ್ನೆ ಮಲಗಿದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ, ನ್ಯುಮೋನಿಯಾ ಬರುವ ಭಯ ಜಾಸ್ತಿ. ಮೊದಲ ಸಲ ಅಮ್ಮ ವಾಕರ್ ಗಟ್ಟಿಯಾಗಿ ಹಿಡಿದು, "ಆಗಲ್ಲ ಕಣೋ" ಅಂತ ಅತ್ತೇಬಿಟ್ಟರು. ಡಾಕ್ಟರನ್ನು ಕೇಳಿ, ವ್ಯಾಯಾಮ ಮಾಡಿಸುವ ಫಿಸಿಯೋ ಬರುವ ಸ್ವಲ್ಪ ಮುಂಚೆ ನೋವಿನ ಮಾತ್ರೆ ಕೊಟ್ಟೆವು. ನಿಜವಾಗಿ ಕೆಲಸ ಮಾಡಿದ ಸಲಹೆ ಇದೇ. ಈಗ ಹಾಲ್‌ನಿಂದ ಅಡುಗೆಮನೆವರೆಗೆ ನಡೆಯುತ್ತಾರೆ. ಕಮೋಡ್ ಮೇಲಿಡುವ ಎತ್ತರದ ಸೀಟೂ ಉಪಯೋಗಕ್ಕೆ ಬಂತು.

ಎಣ್ಣೆ ಹಚ್ಚಿ ನೀವುವುದು ಮಾತ್ರ ಬೇಡವೇ ಬೇಡ ಅಂದರು ಡಾಕ್ಟರು.

ಗೊತ್ತಿರದ ಸಂಗತಿ: ತೊಂದರೆ ಕೊಡದಿದ್ದರೆ ನೇಲ್ ಸಾಮಾನ್ಯವಾಗಿ ಒಳಗೇ ಇರುತ್ತದೆ, ತೆಗೆಸಬೇಕಿಲ್ಲ. ಇನ್ನೊಂದು, ವಯಸ್ಸಾದವರಿಗೆ ಸುಮ್ಮನೆ ಜಾರಿದ್ದಕ್ಕೇ ಇಲ್ಲಿ ಮುರಿದಿದೆ ಅಂದರೆ ಸಾಮಾನ್ಯವಾಗಿ ಮೂಳೆ ಟೊಳ್ಳಾಗಿ ದುರ್ಬಲವಾಗಿರುತ್ತದೆ (ಆಸ್ಟಿಯೋಪೊರೋಸಿಸ್). ಆ ತೊಂದರೆಗೇ ಪ್ರತ್ಯೇಕ ಚಿಕಿತ್ಸೆ ಬೇಕು. ಮೂಳೆ ಎಷ್ಟು ಗಟ್ಟಿಯಿದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ, ಕ್ಯಾಲ್ಸಿಯಂ, ವಿಟಮಿನ್ ಡಿ ಶುರುವಾಗಿದೆ. ಡಿಸ್ಚಾರ್ಜ್ ಆಗುವ ಮುಂಚೆಯೇ ಇದನ್ನು ಕೇಳಿಕೊಳ್ಳಿ.