ಮನೆಗೆ ಪೇಪರ್ ಬರೋದು ನಿಂತೋಯ್ತು, ಅಪ್ಪಯ್ಯಂಗೆ ಏನ್ ಮಾಡ್ಲಿ?

ಗದ್ದೆಬದು:
ನಮ್ಮೂರು ಹೊಸನಗರ ತಾಲೂಕಲ್ಲಿ ತುಂಬಾ ಒಳಗೆ. ಬೆಳಗಿನ ಬಸ್ಸಲ್ಲಿ ಬಂಡಲ್ ಬರ್ತಿತ್ತು, ಒಬ್ರು ಬೈಕಲ್ಲಿ ಮನೆಮನೆಗೆ ಹಾಕೋರು, ಮಳೆಗಾಲದಲ್ಲೂ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ದಣಪೆಗೆ ಸಿಕ್ಕಿಸಿ ಹೋಗ್ತಿದ್ರು. ಹೋದ ತಿಂಗಳಿಂದ ಬಿಟ್ಬಿಟ್ರು, ಸೊಂಟ ನೋವಂತೆ, ಬೇರೆ ಹುಡುಗ್ರೂ ಸಿಗ್ತಿಲ್ವಂತೆ. ಅಪ್ಪಯ್ಯ ರಿಟೈರ್ಡ್ ಮೇಷ್ಟ್ರು. ಪ್ರಜಾವಾಣಿ ಶುರುವಾಗಿದ್ದು 1948ರಲ್ಲಿ, ಅವರು ಹುಟ್ಟಿದ್ದೂ ಅದೇ ವರ್ಷ, ಅದಕ್ಕೇ "ಅದು ನನ್ನ ಓರಗೆದು" ಅಂತಿರ್ತಾರೆ. ಈಗ ಕಾಫಿ ಕುಡಿದು ಸುಮ್ನೆ ಜಗಲಿ ಮೇಲೆ ಕೂತಿರ್ತಾರೆ ಅಂತ ಅಮ್ಮ ಫೋನಲ್ಲಿ ಹೇಳಿದಾಗಿಂದ ನಂಗೆ ಇಲ್ಲಿ ಬೆಂಗ್ಳೂರಲ್ಲಿ ಕೂತು ಕೆಲ್ಸ ಮಾಡಕ್ಕಾಗ್ತಿಲ್ಲ. ಟಿವಿ ನ್ಯೂಸ್ ಅವರಿಗೆ ಬೇಡ, ಬರೀ ಕಿರುಚಾಟ ಅಂತಾರೆ. ಯಾರಾದ್ರೂ ಇದನ್ನ ದಾಟಿದೀರಾ?

ಪದಬಂಧಪ್ರೇಮಿ:
ನಮ್ಮ ಮಾವನಿಗೆ ಹೀಗೇ ಆಗಿತ್ತು. 2020ರ ಲಾಕ್‌ಡೌನಲ್ಲಿ ಅಪಾರ್ಟ್‌ಮೆಂಟ್‌ನೋರು ಪೇಪರ್ ಹುಡುಗನ್ನ ಒಳಗೆ ಬಿಡ್ಲಿಲ್ಲ, ಆಮೇಲೆ ಯಾಕೋ ನಮ್ಮನೇಲಿ ಮತ್ತೆ ಶುರುವೇ ಆಗ್ಲಿಲ್ಲ. ದೊಡ್ಡ ಟ್ಯಾಬ್ ತಗೊಂಡು ಇ-ಪೇಪರ್ ಹಾಕ್ಕೊಟ್ವಿ. ಮೊಬೈಲಲ್ಲಿ ಮಾತ್ರ ಕೊಡ್ಬೇಡಿ, ಪುಟ ಹಿಗ್ಗಿಸಿ ಎಳೆದಾಡೋದ್ರಲ್ಲೇ ಸಾಕಾಗುತ್ತೆ. ಇನ್ನೊಂದು, ಎಡಿಷನ್ ಶಿವಮೊಗ್ಗದ್ದೇ ಸೆಟ್ ಮಾಡಿ. ನಾವು ಬೆಂಗ್ಳೂರಿಂದು ಹಾಕಿಟ್ಟು ಮಾವ ಒಂದು ವಾರ ಮುಖ ಊದಿಸ್ಕೊಂಡಿದ್ರು. ಅವರಿಗೆ ಬೇಕಾಗಿದ್ದು ಊರ ಕಡೆ ಸುದ್ದಿ, ನಿಧನ ವಾರ್ತೆ, ಅಡಿಕೆ ಧಾರಣೆ. ಪದಬಂಧ ಮಾತ್ರ ಪೆನ್ಸಿಲ್ಲೇ ಬೇಕು ಅಂದ್ರು, ಅದನ್ನ ವಾರದ್ದು ಒಟ್ಟಿಗೆ ಪ್ರಿಂಟ್ ತೆಗೆಸಿ ಕೊಡ್ತೀನಿ.

ಹಳೇಲೈನು:
ನಾನು ಹನ್ನೆರಡು ವರ್ಷ ಪೇಪರ್ ಲೈನ್ ಮಾಡಿದೋನು. ನಾಲ್ಕಕ್ಕೆ ಎದ್ದು ಬಂಡಲ್ ಬಿಚ್ಚಿ ಪುರವಣಿ ಒಳಗೆ ಸೇರಿಸಿ ಐದೂವರೆಗೆ ಹೊರಡ್ಬೇಕು, ವರ್ಷಕ್ಕೆ ರಜೆ ಅಂದ್ರೆ ಬೆರಳೆಣಿಕೆ. ಊರೊಳಗೆ ಮನೆಗಳು ದೂರ ದೂರ, ನಾಲ್ಕು ಪೇಪರಿಗೆ ಎರಡು ಕಿಲೋಮೀಟರ್ ಅಂದ್ರೆ ಕಮಿಷನ್ನೆಲ್ಲ ಪೆಟ್ರೋಲಿಗೇ ಹೋಗುತ್ತೆ, ಮೇಲಿಂದ ಬಿಲ್ಲಿಗೆ ಅಂತ ಮನೆ ಬಾಗಿಲಿಗೆ ಮೂರ್ಮೂರು ಸಲ ಹೋಗ್ಬೇಕು. ಹಾಗಾಗಿ ಅವರ ಮೇಲೆ ಬೇಜಾರ್ ಮಾಡ್ಕೋಬೇಡಿ. ಆದ್ರೆ ನಿಂತಿರೋದು ಮನೆಮನೆಗೆ ಹಾಕೋದು ಅಷ್ಟೇ, ಬಸ್ಸು ಈಗ್ಲೂ ಬರ್ತಿದೆ ತಾನೆ? ಪೇಟೆ ಏಜೆಂಟ್ ಹತ್ರ ಮಾತಾಡಿ, ಐದಾರು ಮನೆಯೋರು ಸೇರಿ ಒಂದು ಕಟ್ಟು ಹಾಲಿನ ಡೈರಿ ಹತ್ರ ಇಳಿಸೋಕೆ ಹೇಳಿ, ಕಂಡಕ್ಟರಿಗೂ ಒಂದು ಮಾತು ಹೇಳಿಡಿ. ಹಾಲು ಹಾಕೋಕೆ ಮನೆಯಿಂದ ಒಬ್ರು ಹೋಗೇ ಹೋಗ್ತಾರೆ. ತಿಂಗಳ ದುಡ್ಡು ಒಬ್ರೇ ಒಟ್ಟು ಮಾಡಿ ಮುಂಗಡ ಕೊಟ್ರೆ ಏಜೆಂಟ್ ಇಲ್ಲ ಅನ್ನಲ್ಲ.

ತುಂಗಾತೀರ:
ಪೋಸ್ಟಲ್ಲೂ ತರಿಸ್ಬೋದು, ಒಂದೆರಡು ದಿನ ತಡ ಆಗುತ್ತೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಬರ್ತಿದ್ದಿದ್ದೇ ಹದಿನೈದು ದಿನಕ್ಕೊಂದ್ಸಲ, ಮೇಷ್ಟ್ರಿಗೆ ಇದನ್ನ ಹೇಳಿ ನೋಡಿ, ಒಪ್ಕೋಬೋದು. ಪಂಚಾಯ್ತಿ ಲೈಬ್ರರಿ ಹತ್ರ ಇದ್ರೆ ಅಲ್ಲೂ ಪೇಪರ್ ಇರುತ್ತೆ, ಓದೋರ ಜೊತೆ ಮಾತುಕತೆನೂ ಆಗುತ್ತೆ.

ಗದ್ದೆಬದು:
ಹಳೇಲೈನು ಅವರೇ, ತುಂಬಾ ಥ್ಯಾಂಕ್ಸ್. ಶನಿವಾರ ಊರಿಗೆ ಹೋಗಿ ಏಜೆಂಟ್ ಹತ್ರ ಮಾತಾಡ್ದೆ, ಏಳು ಮನೆ ಸೇರಿದ್ವಿ, ಸೋಮವಾರದಿಂದ ಡೈರಿಗೆ ಕಟ್ಟು ಇಳೀತಿದೆ. ಅಪ್ಪಯ್ಯ ಈಗ ಹಾಲಿನ ಕ್ಯಾನ್ ತಾವೇ ಹಿಡ್ಕೊಂಡು ಹೊರಡ್ತಾರಂತೆ, ಬರೋವಾಗ ಆಚೆಮನೆ ಅಜ್ಜಿದೂ ತಂದ್ಕೊಡ್ತಾರಂತೆ, ಅಜ್ಜಿಗೆ ಹೆಡ್ಡಿಂಗ್ ಎಲ್ಲ ಓದಿ ಹೇಳಿ ಮನೆಗೆ ಬರೋಷ್ಟ್ರಲ್ಲಿ ಒಂಬತ್ತಾಗುತ್ತಂತೆ. ಭಾನುವಾರ ಮಾತ್ರ ಆ ಬಸ್ಸಿಲ್ಲ, ಪುರವಣಿ ಬರೋದೇ ಅವತ್ತು. ಅದಕ್ಕೇನಾದ್ರೂ ದಾರಿ ಇದ್ರೆ ಹೇಳಿ.