ಫ್ಲೇವರ್‌ಗೆ ರುಚಿ ಅನ್ನಬಹುದೇ? ಜೊತೆಗೆ ಇಯರ್‌ಬಡ್ಸಿನ ಒಂದು ತೊಡಕು

ಗೆಳೆಯರೇ,

ಒಂದು ಆನ್‌ಲೈನ್ ಅಂಗಡಿಗೆ ಸಾಮಾನುಗಳ ವಿವರವನ್ನು, ಗಿರಾಕಿಗಳ ಪ್ರಶ್ನೆಗೆ ಉತ್ತರವನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಫ್ಲೇವರ್ ಹಾಕಿದ ಸ್ಪಾರ್ಕ್ಲಿಂಗ್ ವಾಟರ್. ಯಂತ್ರದ ಅನುವಾದ ಅದನ್ನು 'ಹೊಳೆಯುವ ನೀರು' ಮಾಡಿಟ್ಟಿತ್ತು! ಅಳಿಸಿ ಸೋಡಾ ಅಂತ ಹಾಕಿದೆ. ಗೋಲಿ ಸೋಡಾ ಕುಡಿದವರಿಗೆ ಇನ್ನೇನು ವಿವರಣೆ ಬೇಕು? ಆದರೆ ಪನ್ನೀರ್ ಸೋಡಾ, ಜೀರಾ ಸೋಡಾ ಎಲ್ಲ ಸಿಹಿ ಇರುವುದರಿಂದ 'ಸಕ್ಕರೆ ಎಷ್ಟಿದೆ?' ಅನ್ನೋ ಪ್ರಶ್ನೆ ಬರುತ್ತಲೇ ಇರುತ್ತೆ. ಇರಲಿ, 'ಸಿಹಿಯಿಲ್ಲದ' ಅಂತ ಮುಂದೆ ಸೇರಿಸಿದರೆ ಮುಗೀತು.

ಕಷ್ಟ ಇರೋದು ಫ್ಲೇವರ್‌ನಲ್ಲಿ. ಹಳೆಯ ಪುಟದಲ್ಲಿ 'ನಿಂಬೆ ರುಚಿಯ' ಅಂತಿತ್ತು. ಕೊಂಡವರೊಬ್ಬರು ಬರೆದಿದ್ದರು: "ಹುಳಿ ಇಲ್ಲ, ಸಿಹಿ ಇಲ್ಲ, ಬರೀ ಸಪ್ಪೆ. ನಿಂಬೆ ಎಲ್ರೀ?" ಅವರು ಕೇಳಿದ್ದು ಸರಿಯಾಗಿಯೇ ಇದೆ. ಇಂಥ ಬಾಟಲಿಗಳಲ್ಲಿ ಬಹುಪಾಲು ರಸ ಇರಲ್ಲ. ನೀರು, ಗ್ಯಾಸು, ಮೂಗಿಗೆ ನಿಂಬೆ ಅನ್ನಿಸುವ ಒಂದಿಷ್ಟು ಅಂಶ, ಅಷ್ಟೇ. ಮೂಗು ಮುಚ್ಚಿಕೊಂಡು ಕುಡಿದು ನೋಡಿ, ನಿಂಬೆಯೋ ಕಿತ್ತಳೆಯೋ ಗೊತ್ತಾಗೋದು ಕಷ್ಟ. ನಾಲಿಗೆಗೆ ಸಿಗೋದು ಗ್ಯಾಸಿನ ಚುರುಚುರು ಮಾತ್ರ.

ಹಾಗಾಗಿ ರುಚಿ ಬೇಡ. ಸ್ವಾದ ಅಂದರೂ ಅದೇ ಕತೆ. ವಾಸನೆ ಅಂತ ಬರೆದರೆ ಯಾರೂ ಕೊಳ್ಳಲ್ಲ. ಪರಿಮಳ? ಕರಾವಳಿಯವರು ಸಾರಿಗೂ ಪರಿಮಳ ಅನ್ನುತ್ತಾರೆ, ನಮ್ಮ ಬೆಂಗಳೂರು ಕಡೆ ಊದುಬತ್ತಿ ನೆನಪಾಗುತ್ತೆ. 'ನಿಂಬೆ ಘಮದ ಸೋಡಾ' ನನಗೆ ಹಿಡಿಸಿದೆ. ಘಮ ಒಗ್ಗರಣೆಗೂ ಸಲ್ಲುತ್ತೆ, ಕಾಫಿಗೂ ಸಲ್ಲುತ್ತೆ. ತಣ್ಣಗಿನ ನೀರಿಗೂ ಸಲ್ಲುತ್ತಾ?

ಎರಡನೆಯದು ಕಡಿಮೆ ಬೆಲೆಯ ವೈರ್‌ಲೆಸ್ ಇಯರ್‌ಬಡ್ಸ್. (ಕಿವಿಗೆ ಹಾಕುವ ಹತ್ತಿ ಕಡ್ಡಿಗೂ ಇದೇ ಹೆಸರು. ಆ ಜಗಳಕ್ಕೆ ನಾನು ಹೋಗಲ್ಲ.) ಡಬ್ಬಿಯ ಮೇಲೆ ಕೆಲವಕ್ಕೆ ಎಎನ್‌ಸಿ (ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್), ಅಗ್ಗದವಕ್ಕೆ ಹೆಚ್ಚಾಗಿ ಇಎನ್‌ಸಿ (ಎನ್ವಿರಾನ್‌ಮೆಂಟಲ್ ನಾಯ್ಸ್ ಕ್ಯಾನ್ಸಲೇಶನ್) ಅಂತಿರುತ್ತೆ. ಯಂತ್ರಕ್ಕೆ ಎರಡೂ 'ಶಬ್ದ ರದ್ದತಿ', ರೈಲು ಟಿಕೆಟ್ ರದ್ದು ಮಾಡಿದ ಹಾಗೆ. ಆದರೆ ಇಎನ್‌ಸಿ ಕೆಲಸ ಮಾಡೋದು ಮೈಕಿನಲ್ಲಿ. ಫೋನಿನ ಆಚೆ ಇರುವವರಿಗೆ ನಿಮ್ಮ ಮಾತು ತಿಳಿಯಾಗಿ ಕೇಳಲಿ ಅಂತ. ನಿಮ್ಮ ಕಿವಿಗೆ ಬೀಳುವ ಸದ್ದು ಹಾಗೇ ಇರುತ್ತೆ. ಅದಕ್ಕೇ 'ಬಸ್ಸಲ್ಲಿ ಎಂಜಿನ್ ಸದ್ದು ಕೇಳಿಸ್ತಾನೇ ಇದೆ, ಪೀಸ್ ಡಿಫೆಕ್ಟಾ?' ಅನ್ನುವ ಪ್ರಶ್ನೆ ಜಾಸ್ತಿ. ಅದನ್ನು ತಗ್ಗಿಸೋಕೆ ಎಎನ್‌ಸಿ ಬೇಕು. ಅದು ಹೊರಗಿನ ಸದ್ದಿಗೆ ತಿರುಗುಮುರುಗಾದ ಅಲೆ ಹುಟ್ಟಿಸಿ ಕಿವಿಗೆ ಬಿಡುತ್ತೆ, ಎರಡೂ ಸೇರಿ ಸದ್ದು ತಗ್ಗುತ್ತೆ.

ಇಎನ್‌ಸಿಗೆ 'ಗದ್ದಲ ಸೋಸುವ ಮೈಕ್' ಅಂತ ಬರೆದಿದ್ದೇನೆ. ಸೋಸುವುದು ಅಂದರೆ ಮಾತು ಉಳಿದು ಮಿಕ್ಕಿದ್ದು ಹೋಗುತ್ತೆ ಅಂತ ತಟ್ಟನೆ ತಿಳಿಯುತ್ತೆ. ಎಎನ್‌ಸಿಗೆ 'ಗದ್ದಲ ತಗ್ಗಿಸುವ' ಅನ್ನೋಣ ಅಂದರೆ, ಗದ್ದಲ ಜನರದ್ದು ಅಲ್ವಾ? ಎಎನ್‌ಸಿ ಚೆನ್ನಾಗಿ ತಗ್ಗಿಸೋದು ಎಂಜಿನ್ನು, ಫ್ಯಾನಿನಂಥ ಒಂದೇ ಸಮನೆಯ ಮೊರೆತವನ್ನು. ಪಕ್ಕದ ಸೀಟಿನ ಹರಟೆ ಅಷ್ಟಾಗಿ ಹೋಗಲ್ಲ. 'ಮೊರೆತ ತಗ್ಗಿಸುವ' ಅಂದರೆ ಕಡಲಿನ ಮಾತಾಯಿತು. ಸದ್ಯಕ್ಕೆ 'ಹೊರಸದ್ದು ತಗ್ಗಿಸುವ' ಅಂತ ಇಟ್ಟಿದ್ದೇನೆ.

ಹೆಸರಿನ ಸಾಲಿನಲ್ಲಿ ಮೂರು ನಾಲ್ಕು ಪದಕ್ಕಷ್ಟೇ ಜಾಗ. ಘಮ, ಹೊರಸದ್ದು ಇವೆರಡೂ ಧಾರವಾಡ, ಕಲಬುರಗಿ ಕಡೆಯವರಿಗೆ ಸಲೀಸಾಗಿ ಓದಿಸಿಕೊಳ್ಳುತ್ತವಾ? ನಿಮ್ಮ ಕಡೆ ಬೇರೆ ಪದ ಇದ್ದರೆ ತಿಳಿಸಿ.