ಸಹಾಯ ಬೇಕು: ಓಎಸ್‌ಜಿಐ ರಿಮೋಟ್ ಸರ್ವಿಸ್ ಬಗ್ಗೆ ಹೊಸಬರಿಗೆ ಬರೆಯೋದು ಹೇಗೆ?

ನಮಸ್ಕಾರ. ಕೋಲಾರದಲ್ಲಿ ಡಿಪ್ಲೊಮಾ ಹುಡುಗರಿಗೆ ಜಾವಾ ಹೇಳಿಕೊಡ್ತೀನಿ. ಓಎಸ್‌ಜಿಐ ಅಂದ್ರೆ ಜಾವಾ ಪ್ರೋಗ್ರಾಮನ್ನ ‘ಬಂಡಲ್’ ಅನ್ನೋ ಬಿಡಿ ಭಾಗಗಳಾಗಿ ಕಟ್ಟೋ ವ್ಯವಸ್ಥೆ; ಒಂದು ಬಂಡಲ್ ಕೊಡೋ ಸರ್ವಿಸನ್ನ ಬೇರೆ ಕಡೆ ಓಡ್ತಿರೋ ಪ್ರೋಗ್ರಾಮಿಂದ ಕರೆಯೋದೇ ರಿಮೋಟ್ ಸರ್ವಿಸ್. ಇದರ ಬಗ್ಗೆ ಕನ್ನಡದಲ್ಲೇ ಕೈಪಿಡಿ ಬರೀತಿದೀನಿ, ಮೂರನೇ ಪುಟದಲ್ಲಿ ಸಿಕ್ಕಿಹಾಕ್ಕೊಂಡಿದೀನಿ.

ಉದಾಹರಣೆಗೆ ನಮ್ಮ ಎಪಿಎಂಸಿಯ ಟೊಮ್ಯಾಟೊ ದರ ಹೇಳೋ ಸರ್ವಿಸ್ ತಗೊಂಡೆ. ಒಂದೇ ಫ್ರೇಮ್‌ವರ್ಕ್‌ನಲ್ಲಿ (ಬಂಡಲ್‌ಗಳನ್ನ ಓಡಿಸೋ ಪರಿಸರ) ಎರಡು ಬಂಡಲ್ ಇದ್ದಾಗ ಎಲ್ಲರಿಗೂ ಅರ್ಥ ಆಯ್ತು. ಆಮೇಲೆ ‘ಸರ್ವಿಸ್.ಎಕ್ಸ್‌ಪೋರ್ಟೆಡ್.ಇಂಟರ್‌ಫೇಸಸ್’ ಪ್ರಾಪರ್ಟಿಗೆ ನಕ್ಷತ್ರ ಚಿಹ್ನೆ ಕೊಟ್ಟು (ಸರ್ವಿಸಿನ ಎಲ್ಲ ಇಂಟರ್‌ಫೇಸೂ ಹೊರಗೆ ಸಿಗಲಿ ಅಂತ), ಇನ್ನೊಂದು ಲ್ಯಾಪ್‌ಟಾಪ್‌ನಿಂದ ಕರೀರಿ ಅಂದೆ. ಆದ್ರೆ ಸರ್ವಿಸನ್ನ ನೆಟ್‌ವರ್ಕ್ ಮೇಲೆ ತಲುಪಿಸೋ ಡಿಸ್ಟ್ರಿಬ್ಯೂಷನ್ ಪ್ರೊವೈಡರ್ ಹಾಕಿರಲಿಲ್ಲ. ಎರರೂ ಬರಲಿಲ್ಲ, ಸರ್ವಿಸೂ ಸಿಗಲಿಲ್ಲ. ಹುಡುಗರು ಅರ್ಧ ಗಂಟೆ ಪರದೆ ನೋಡ್ತಾ ಕೂತ್ರು. ಪ್ರೊವೈಡರ್ ಹಾಕೋದನ್ನೀಗ ಮೊದಲ ಹೆಜ್ಜೆಯಾಗೇ ಸೇರಿಸಿದೀನಿ. ದೂರದ ಸರ್ವಿಸ್ ಪರವಾಗಿ ಈ ಕಡೆ ನಿಂತು ಕರೆ ದಾಟಿಸೋ ಪ್ರಾಕ್ಸಿ ಅಂದ್ರೆ ಮಂಡಿ ಏಜೆಂಟ್ ಇದ್ದಂಗೆ ಅಂದಾಗ ಅದೂ ತಲೆಗೆ ಹೋಯ್ತು.

ಗೊಂದಲ ಇಲ್ಲಿದೆ. ನೆಟ್‌ವರ್ಕ್ ಕಡಿದುಹೋದ್ರೆ, ಲೋಕಲ್ ಆಗಿ ಸರಿಯಾಗಿ ಓಡ್ತಿದ್ದ ಅದೇ ದರ ಕೇಳೋ ಮೆಥಡ್ ‘ಸರ್ವಿಸ್‌ಎಕ್ಸೆಪ್ಷನ್’ ಅನ್ನೋ ಎರರ್ ಎಸೆಯುತ್ತೆ. ಮೊದಲೇ ಹೇಳಿದ್ರೆ ಹೆದರ್ತಾರೆ, ಕೊನೇಲಿ ಹೇಳಿದ್ರೆ ಲೋಕಲ್ ಕರೆ ಥರಾನೇ ಅಂತ ಕೋಡ್ ಬರೆದುಬಿಟ್ಟಿರ್ತಾರೆ.

ಕಲಿಸಿ ಅನುಭವ ಇರೋರು ಹೇಳಿ: ಈ ವಿಫಲತೆಯ ಭಾಗವನ್ನ ಮೊದಲ ರಿಮೋಟ್ ಉದಾಹರಣೆಯ ಒಳಗೇ ಇಡ್ಲಾ, ಇಲ್ಲ ಬೇರೆ ಅಧ್ಯಾಯ ಮಾಡ್ಲಾ?